ತೆಂಗಿನ ಗರಿಯ ಪೀಪಿಯಿಂದ ಶುದ್ಧ ರಿಷಭದ ತನಕ

ಮೈಸೂರಿನ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ನನ್ನನ್ನು ಮಾತಿಗೆ ಕರೆದಿದ್ದರು. ಮನೆಯಲ್ಲಿ ಕೊಳಲು, ಸ್ಯಾಕ್ಸೋಫೋನ್ ಹೇಳಿಕೊಡುವ ಕೆಲಸದ ಬಗ್ಗೆ ಮಾತಾಡಿ ಎಂದಿದ್ದರು. ಅವತ್ತು ಬರಲಾಗದ ಕೆಲವರು ಕೇಳಿದ್ದರಿಂದ ಅದನ್ನೇ ಇಲ್ಲಿ ಬರೆದಿದ್ದೇನೆ. ಅಲ್ಲಿ ಊದಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಬೇಕಾಗಿದೆ, ಅಷ್ಟೇ.

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರೋದು ತೆಂಗಿನ ಗರಿಯ ಪೀಪಿ. ಇಲ್ಲಿಗೆ ಹೊರಡುವ ಮುಂಚೆ ಹಿತ್ತಲಲ್ಲಿ ಕೂತು ಮಾಡಿದ್ದು. ನಿಮ್ಮಲ್ಲಿ ಅರ್ಧಕ್ಕರ್ಧ ಜನ ಚಿಕ್ಕವರಿದ್ದಾಗ ಇದನ್ನು ಮಾಡಿ ಊದಿರುತ್ತೀರಿ, ಅಲ್ವಾ? ಗರಿಯ ಕಡ್ಡಿ ಸೀಳಿ ತೆಗೆಯಬೇಕು. ಉಳಿದ ಎಲೆಯನ್ನು ಒಂದು ತುದಿಯಿಂದ ಸುರುಳಿ ಸುತ್ತಬೇಕು. ಸುತ್ತು ಸುತ್ತಿಗೂ ಬಾಯಿ ಅಗಲವಾಗುತ್ತಾ ಹೋಗಬೇಕು. ಬಿಚ್ಚಿಕೊಳ್ಳದ ಹಾಗೆ ಅದೇ ಕಡ್ಡಿಯ ಚೂರೊಂದನ್ನು ಚುಚ್ಚಬೇಕು. ಆಮೇಲೆ ಸಣ್ಣ ತುದಿಯನ್ನು ಎರಡು ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ, ತುಟಿ ನಡುವೆ ಇಟ್ಟು ಊದಬೇಕು.

ಹೀಗೆ. (ಊದಿದೆ. ಹಿಂದಿನ ಸಾಲಿನ ಮಕ್ಕಳು ಎದ್ದು ನಿಂತರು.)

ಈ ಸದ್ದು ಎಲ್ಲಿಂದ ಬಂತು? ಚಪ್ಪಟೆ ಮಾಡಿದ ತುದಿಯಲ್ಲಿ ಎಲೆಯ ಎರಡು ಪದರ ಇವೆ. ನಡುವೆ ಗಾಳಿ ನುಗ್ಗಿದಾಗ ಅವೆರಡೂ ಒಂದಕ್ಕೊಂದು ಬಡಿದು ನಡುಗುತ್ತವೆ. ನಾಗಸ್ವರದಲ್ಲಿ ನಡೆಯೋದು ಇದೇ. ಶಹನಾಯಿಯಲ್ಲೂ ಇದೇ. ನಮ್ಮ ಮದುವೆ ಮನೆಯ ಓಲಗದವರು ಊದುವ ವಾದ್ಯದ ಗುಟ್ಟು ನಮ್ಮ ಹಿತ್ತಲ ತೆಂಗಿನ ಮರದಲ್ಲೇ ಇದೆ. ಸ್ಯಾಕ್ಸೋಫೋನಿನಲ್ಲೂ ಕ್ಲಾರಿನೆಟ್ಟಿನಲ್ಲೂ ನಡುಗುವ ಪದರ ಒಂದೇ. ಒಂದು ಜಾತಿಯ ಜೊಂಡಿನಿಂದ ಸೀಳಿದ ತೆಳ್ಳನೆಯ ಪಟ್ಟಿ ಅದು. ರೀಡ್ ಅಂತೀವಿ. ಕೊಳಲಿನಲ್ಲಿ ನಡುಗುವ ಪಟ್ಟಿಯೇ ಇಲ್ಲ. ತುಟಿಯಿಂದ ಹೊರಟ ಗಾಳಿ ತೂತಿನ ಅಂಚಿಗೆ ತಾಗಿ ಸೀಳುತ್ತದೆ, ಸದ್ದು ಅಲ್ಲೇ ಹುಟ್ಟುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಬರುತ್ತದಲ್ಲ, ಅದೇ ಲೆಕ್ಕ.

ಸ್ಯಾಕ್ಸೋಫೋನ್ ಮೈಯೆಲ್ಲ ಹಿತ್ತಾಳೆ. ಆದರೂ ಅದನ್ನು ಕೊಳಲು, ಕ್ಲಾರಿನೆಟ್ ಇರುವ ಮರದ ವಾದ್ಯಗಳ (ವುಡ್‌ವಿಂಡ್) ಬಳಗಕ್ಕೇ ಸೇರಿಸುತ್ತಾರೆ. ಮೈ ಯಾವುದು ಅನ್ನೋದು ಮುಖ್ಯ ಅಲ್ಲ, ಸದ್ದು ಹೇಗೆ ಹುಟ್ಟುತ್ತದೆ ಅನ್ನೋದು ಮುಖ್ಯ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಅದಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಅದು ಕರ್ನಾಟಕ ಸಂಗೀತದೊಳಗೆ ಬಂದ ಕತೆ ನಮ್ಮ ಊರಿನದೇ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರ ನುಡಿಸುವವರ ಮಗ. ಹುಡುಗನಾಗಿದ್ದಾಗ ಇದೇ ಮೈಸೂರಿನಲ್ಲಿ ಅರಮನೆಯ ಬ್ಯಾಂಡಿನವರು ನುಡಿಸುತ್ತಿದ್ದ ಸ್ಯಾಕ್ಸೋಫೋನ್ ನೋಡಿ ಮನಸೋತರು. ಅದರ ಮೇಲೆ ನಮ್ಮ ರಾಗ ನುಡಿಸೋದು ಹೇಗೆ? ಸ್ಯಾಕ್ಸೋಫೋನಿನಲ್ಲಿ ಬೆರಳು ತೂತಿನ ಮೇಲೆ ಕೂರೋದಿಲ್ಲ. ಕೀಲಿಯ ಮೇಲೆ ಕೂರುತ್ತದೆ. ಕೀಲಿ ಒತ್ತಿದರೆ ಮುಚ್ಚಳ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗಲು ಅಲ್ಲಿ ಸುಲಭದ ದಾರಿ ಇಲ್ಲ. ಜಾರದೇ ಇದ್ದರೆ ಗಮಕ ಎಲ್ಲಿ? ಗೋಪಾಲನಾಥರು ಅದನ್ನು ತುಟಿಯಲ್ಲಿ, ಉಸಿರಿನಲ್ಲಿ ತಂದರು. ವರ್ಷಗಟ್ಟಲೆ ಕೂತು ತಂದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2019ರಲ್ಲಿ ಅವರು ತೀರಿಕೊಂಡರು. ಇವತ್ತು ಕರಾವಳಿಯಲ್ಲಿ ದೇವಸ್ಥಾನದ ಉತ್ಸವಕ್ಕೂ ಮದುವೆಗೂ ಸ್ಯಾಕ್ಸೋಫೋನ್ ಇಲ್ಲದೆ ಆಗೋದಿಲ್ಲ.

ಈಗ ನನ್ನ ಕೆಲಸಕ್ಕೆ ಬರುತ್ತೇನೆ. 22 ವರ್ಷದಿಂದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪಾಠ ನಡೆಯುತ್ತಿದೆ. ಒಬ್ಬರಿಗೆ ಒಂದು ಹೊತ್ತು. ಏಳು ವರ್ಷದ ಮಗುವಿನಿಂದ ಎಪ್ಪತ್ತು ದಾಟಿದವರ ತನಕ ಬಂದಿದ್ದಾರೆ. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿರೋದು ಒಂದೇ. ಊದೋದು ಬೇರೆ, ಶಾಸ್ತ್ರ ಬೇರೆ ಅಂತ ಪಾಠವನ್ನು ಎರಡು ಹೋಳು ಮಾಡಬಾರದು. ಬೆರಳಿಗೆ ಯಾವಾಗ ಕಷ್ಟ ಎದುರಾಗುತ್ತದೋ ಆವಾಗಲೇ ಶಾಸ್ತ್ರ ಬರಬೇಕು. ಆ ಕಷ್ಟ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿನಲ್ಲಿ ಎದುರಾಗುತ್ತದೆ. ಅದಕ್ಕೇ ಒಬ್ಬೊಬ್ಬರಿಗೇ ಪಾಠ ಬೇಕು ಅನ್ನೋದು.

ನಾನು ಕಲಿತದ್ದು ಹೀಗಲ್ಲ. ನಾವು ಇಪ್ಪತ್ತು ಮಕ್ಕಳು ಒಟ್ಟಿಗೆ ಕೂರುತ್ತಿದ್ದೆವು. ಜೂನಿಯರ್ ಪರೀಕ್ಷೆ ಹತ್ತಿರ ಬಂದಾಗ ಶಾಸ್ತ್ರದ ನೋಟ್ಸ್ ಕೊಟ್ಟರು. ಹದಿನಾರು ಸ್ವರಗಳ ಹೆಸರು, ತಾಳದ ಅಂಗಗಳು, ರಾಗ ಲಕ್ಷಣ. ಎಲ್ಲ ಬಾಯಿಪಾಠ. ಸರಿಗಮದ ರಿ ಸ್ವರದಲ್ಲಿ ಕೆಳಗಿನದು ಶುದ್ಧ ರಿಷಭ, ಅದರ ಮೇಲಿನದು ಚತುಶ್ರುತಿ ರಿಷಭ ಅಂತ ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಒಳ್ಳೆ ಅಂಕ ಬಂತು. ಆದರೆ ಆ ಎರಡು ರಿಷಭವನ್ನು ಯಾರಾದರೂ ಊದಿದ್ದರೆ ಯಾವುದು ಯಾವುದು ಅಂತ ಹೇಳಲು ನನಗೆ ಬರುತ್ತಿರಲಿಲ್ಲ. ಅದು ತಿಳಿಯಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷ ಯಾವ ಮಗುವಿಗೂ ಹೋಗಬಾರದು ಅಂತ ನನ್ನ ಆಸೆ.

ಆ ಶುದ್ಧ ರಿಷಭದ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೊಳಲು ಕಲಿಯುವವರಿಗೆ ಮೊದಲ ದೊಡ್ಡ ಏರು ಅದು.

ನಮ್ಮ ಕರ್ನಾಟಕ ಸಂಗೀತದ ಕೊಳಲಿಗೆ ಊದುವ ತೂತು ಬಿಟ್ಟು ಎಂಟು ತೂತು. ಮೊದಲ ಎರಡನ್ನು ಮುಚ್ಚಿ ಊದಿದರೆ ಷಡ್ಜ, ಅಂದರೆ ಸ. ಎರಡನೇ ಬೆರಳು ಎತ್ತಿದರೆ ಚತುಶ್ರುತಿ ರಿಷಭ. ಹೀಗೆ ಪೂರ್ತಿ ಮುಚ್ಚಿ, ಪೂರ್ತಿ ತೆರೆದು ಊದುತ್ತಾ ಹೋದರೆ ತಾನಾಗಿ ಬರೋದು ಹರಿಕಾಂಭೋಜಿಯ ಸ್ವರಗಳು. ಬಿದಿರಿಗೆ ಹತ್ತಿರದ ರಾಗ ಅದು.

ಆದರೆ ಎಲ್ಲರಿಗೂ ಮೊದಲು ಹೇಳಿಕೊಡುವ ಸ್ವರಪಾಠ, ಸರಳೆ ವರಸೆ, ಇರೋದು ಮಾಯಾಮಾಳವಗೌಳ ರಾಗದಲ್ಲಿ. ಪುರಂದರದಾಸರು ಹಾಕಿಕೊಟ್ಟ ದಾರಿ ಅಂತ ನಾವೆಲ್ಲ ನಂಬಿ ನಡೆಯೋದು ಅದನ್ನೇ. ಹಾಡುವವರಿಗೆ ಅದು ಬಲು ಸೊಗಸಾದ ಆರಂಭ. ಸ ರಿ ಗ ಮ ನಡುವೆ ಎಷ್ಟೆಷ್ಟು ಅಂತರ ಇದೆಯೋ ಪ ದ ನಿ ಸ ನಡುವೆಯೂ ಅಷ್ಟಷ್ಟೇ. ಕೆಳಗೆ ಕಲಿತದ್ದು ಮೇಲೆ ಹಾಗೇ ಸಿಗುತ್ತದೆ. ಆದರೆ ಹರಿಕಾಂಭೋಜಿಗೂ ಇದಕ್ಕೂ ಮೂರು ಸ್ವರ ಬೇರೆ. ರಿಷಭ, ಧೈವತ, ನಿಷಾದ. ಕೊಳಲಿನಲ್ಲಿ ಈ ಮೂರಕ್ಕೂ ತೂತನ್ನು ಅರ್ಧ ಮುಚ್ಚಿ, ಅರ್ಧ ಬಿಡಬೇಕು. ಅರ್ಧ ಅಂದರೆ ಅಳತೆಯ ಅರ್ಧ ಅಲ್ಲ, ಕಿವಿ ಹೇಳುವ ಅರ್ಧ. ಕೂದಲೆಳೆ ಜಾಸ್ತಿ ತೆರೆದರೂ ಸ್ವರ ಏರಿತು. ಅದಕ್ಕೇ ಎಷ್ಟೋ ಮಂದಿ ಕೊಳಲಿನ ಗುರುಗಳು ವರಸೆಗಳನ್ನು ಹರಿಕಾಂಭೋಜಿಯಲ್ಲೋ ಶಂಕರಾಭರಣದಲ್ಲೋ ಶುರು ಮಾಡಿ, ಬೆರಳು ಕೂತ ಮೇಲೆ ಮಾಯಾಮಾಳವಗೌಳಕ್ಕೆ ಬರುತ್ತಾರೆ. ನಾನೂ ಹಾಗೇ ಮಾಡುತ್ತೇನೆ.

ನನ್ನ ಹತ್ತಿರ ಬರುವ ಒಬ್ಬರಿಗೆ 63 ವರ್ಷ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ದಪ್ಪ ಬೆರಳು, ತುದಿ ಗಟ್ಟಿ. ಹರಿಕಾಂಭೋಜಿ ಚೆನ್ನಾಗಿಯೇ ಬಂತು. ಮಾಯಾಮಾಳವಗೌಳಕ್ಕೆ ಬಂದಾಗ ಮೂರು ವಾರ ಒದ್ದಾಡಿದರು. ಬೆರಳು ಒಂದೋ ಪೂರ್ತಿ ಕೂರುತ್ತಿತ್ತು, ಇಲ್ಲಾ ಪೂರ್ತಿ ಏಳುತ್ತಿತ್ತು. ನಾನು ಬೆರಳನ್ನು ಹೊರಳಿಸಿ ತೋರಿಸಿದೆ. ತುದಿ ಎತ್ತಬೇಡಿ ಸರ್, ಪಕ್ಕಕ್ಕೆ ಉರುಳಿಸಿ ಎಂದೆ. ಅವರು ಸುಮ್ಮನೆ ನೋಡುತ್ತಾ ಕೂತರು. ಆಮೇಲೆ ಮುಖ ಅರಳಿತು. "ಮೇಡಂ, ಇದು ಹಾಫ್ ಕ್ಲಚ್ಚು! ಏರಿನಲ್ಲಿ ಗಾಡಿ ನಿಲ್ಲಿಸಿದ ಹಾಗೆ. ಪೂರ್ತಿ ಬಿಟ್ಟರೆ ಎಗರುತ್ತೆ, ಪೂರ್ತಿ ಒತ್ತಿದರೆ ಹಿಂದೆ ಬರುತ್ತೆ. ಹಿಡಿಯೋ ಜಾಗ ಕಾಲಿಗೆ ಗೊತ್ತಾಗಬೇಕು" ಎಂದರು. ಅವತ್ತೇ ಪೂರ್ತಿ ಸಿಕ್ಕಿತು ಅಂತಲ್ಲ. ಆದರೆ ಏನನ್ನು ಹುಡುಕಬೇಕು ಅಂತ ಅವರ ಬೆರಳಿಗೆ ತಿಳಿಯಿತು.

ಅದು ಸಿಕ್ಕ ದಿನ ಷಡ್ಜ, ಶುದ್ಧ ರಿಷಭ, ಮತ್ತೆ ಷಡ್ಜ, ಇಷ್ಟನ್ನೇ ಹತ್ತು ನಿಮಿಷ ಊದಿದರು. ಆಮೇಲೆ ಕೊಳಲು ಇಳಿಸಿ, "ಇದು ನಮ್ಮೂರ ದೇವಸ್ಥಾನದಲ್ಲಿ ಬೆಳಗಿನ ಜಾವ ಓಲಗದವರು ಊದುತ್ತಿದ್ದದ್ದು" ಎಂದರು. ಆವಾಗ ಶಾಸ್ತ್ರ ತೆಗೆದೆ. ಬೌಳಿ, ಭೂಪಾಳದಂಥ ಬೆಳಗಿನ ರಾಗಗಳಲ್ಲಿ ಇರೋದು ಇದೇ ಶುದ್ಧ ರಿಷಭ ಸರ್ ಎಂದೆ. ಷಡ್ಜದ ಪಕ್ಕದ ಮನೆಯಲ್ಲೇ ಇರುವ ಸ್ವರ, ಇದರ ಆಚೆ ಮನೆಯದು ನೀವು ಹರಿಕಾಂಭೋಜಿಯಲ್ಲಿ ಊದಿದ ರಿಷಭ ಎಂದೆ. ಎರಡೂ ಊದಿ ಕೇಳಿಸಿದೆ. ಒಂದು ಸಲಕ್ಕೇ ಗುರುತು ಹಿಡಿದರು. ನಾನು ಪುಸ್ತಕದಿಂದ ನಾಲ್ಕು ವರ್ಷ ಕಲಿಯಲಾಗದ್ದು ಅವರಿಗೆ ಆ ಒಂದು ಸಂಜೆ ಬಂತು.

ವಯಸ್ಸಿನ ಬಗ್ಗೆ ತುಂಬ ಜನ ಕೇಳುತ್ತಾರೆ. ನಾನು ಕಂಡದ್ದು ಹೇಳುತ್ತೇನೆ. ಮಕ್ಕಳ ಬೆರಳು ಬೇಗ ಓಡುತ್ತದೆ, ಕಿವಿ ನಿಧಾನ. ದೊಡ್ಡವರದ್ದು ತಿರುಗಾಮುರುಗ. ಅರವತ್ತು ವರ್ಷ ಹಾಡು ಕೇಳಿದ ಕಿವಿಗೆ ತಪ್ಪು ತಕ್ಷಣ ಗೊತ್ತಾಗುತ್ತದೆ. ಅದರಿಂದಲೇ ಅವರಿಗೆ ಸಂಕಟ ಜಾಸ್ತಿ. ತಮ್ಮ ತಪ್ಪು ತಮಗೇ ಕೇಳಿಸಿ ಬೇಸರಪಟ್ಟು ಬಿಟ್ಟುಬಿಡುತ್ತಾರೆ. ಹಾಗೆ ಬಿಡುವವರಿಗೆ ನಾನು ಹೇಳೋದು, ತಪ್ಪು ಕೇಳಿಸುತ್ತಿದೆ ಅಂದರೆ ಅರ್ಧ ಪಾಠ ಮುಗಿದಿದೆ ಅಂತ.

ಏಳೆಂಟು ವರ್ಷದ ಮಗುವಿಗೆ ಚಿಕ್ಕ ಕೊಳಲು ಕೊಡಬೇಕು. ಐದು ಮನೆ ಶ್ರುತಿಯದು, ಅಂದರೆ ಪಾಶ್ಚಾತ್ಯ ಹೆಸರಲ್ಲಿ ಜಿ, ಸಾಕು. ತೂತುಗಳು ಹತ್ತಿರ ಇರುತ್ತವೆ, ಬೆರಳು ಎಟುಕುತ್ತದೆ. ಮುಂದಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ತನಕ ಸ್ಯಾಕ್ಸೋಫೋನ್, ಕ್ಲಾರಿನೆಟ್ ಬೇಡ. ಆ ವಾದ್ಯಗಳಲ್ಲಿ ಮೇಲಿನ ಹಲ್ಲನ್ನು ಬಾಯಿಗಿಡುವ ತುದಿಯ (ಮೌತ್‌ಪೀಸ್) ಮೇಲೆ ಊರಬೇಕು. ಹಲ್ಲೇ ಅಲ್ಲಾಡುತ್ತಿದ್ದರೆ ಊರೋದು ಎಲ್ಲಿ? ಹಲ್ಲಿನ ಸೆಟ್ ಹಾಕಿಸಿಕೊಂಡ ಹಿರಿಯರಿಗೂ ಇದೇ ಕಷ್ಟ. ಅವರಿಗೆ ನಾನು ಕೊಳಲೇ ಹೇಳುತ್ತೇನೆ. ಉಬ್ಬಸ ಇದ್ದವರು ಮೊದಲು ಡಾಕ್ಟರನ್ನು ಕೇಳಿ ಬರಲಿ. ಹೊಸಬರಿಗೆ ಮೊದಲ ವಾರ ತಲೆ ಸುತ್ತಿದ ಹಾಗೆ ಆಗೋದು ಉಂಟು. ಬೇಕಾದ್ದಕ್ಕಿಂತ ಜಾಸ್ತಿ ಉಸಿರು ಹಾಕುವುದರಿಂದ ಹಾಗಾಗುತ್ತದೆ. ಕೊಳಲು ಇಳಿಸಿ, ಎರಡು ನಿಮಿಷ ಕೂತರೆ ಸರಿಹೋಗುತ್ತದೆ. ಹಾಗಾದಾಗ ಹಟ ಹಿಡಿದು ಊದಬಾರದು.

ಹಿಂದೂಸ್ತಾನಿ ಬಾನ್ಸುರಿ ಕಲಿಯುವ ಆಸೆ ಇರುವವರು ಕೈ ಅಳತೆ ನೋಡಿಕೊಳ್ಳಿ. ಅದಕ್ಕೆ ಆರು ತೂತು, ಮೈ ಉದ್ದ. ಮೂರು ತೂತು ಮುಚ್ಚಿದರೆ ಸ, ಆರೂ ಮುಚ್ಚಿದರೆ ಕೆಳಗಿನ ಪ. ಪನ್ನಾಲಾಲ್ ಘೋಷರು, 1911ರಿಂದ 1960ರ ತನಕ ಬದುಕಿದ್ದವರು, ಆ ಉದ್ದದ ಕೊಳಲನ್ನು ಕಛೇರಿಗೆ ತಂದರು. ನಮ್ಮ ಕಡೆ ಮಾಲಿ ಅಂತ ಹೆಸರಾದ ಟಿ. ಆರ್. ಮಹಾಲಿಂಗಂ, 1926ರಿಂದ 1986, ಕೊಳಲನ್ನು ಬಾಯಿ ಹಾಡಿನ ಹಾಗೆ ಎಳೆದು, ತೂಗಿ ನುಡಿಸುವ ದಾರಿ ತೆರೆದರು. ಅವರ ಹಳೆ ರೆಕಾರ್ಡಿಂಗುಗಳು ಸಿಗುತ್ತವೆ, ದಯವಿಟ್ಟು ಕೇಳಿ. ಬೆರಳು ಎಲ್ಲಿ ಎತ್ತಿದರು ಅಂತ ನಿಮಗೆ ಗೊತ್ತೇ ಆಗೋದಿಲ್ಲ.

ಶಾಸ್ತ್ರ ಅಂದ ತಕ್ಷಣ ಮಕ್ಕಳು ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ಅದು ಮಕ್ಕಳ ತಪ್ಪಲ್ಲ. ನಮ್ಮ ಕೋಣೆಯಲ್ಲಿ ಚಚ್ಚೌಕದ ಟೈಲ್ಸ್ ಇದೆ. ಒಂದು ಸಾಲಿನಲ್ಲಿ ಸರಿಯಾಗಿ ಹನ್ನೆರಡು. ಹದಿನಾಲ್ಕು ವರ್ಷದ ಹುಡುಗ ಒಬ್ಬ, "ಮಿಸ್, ಏಳು ಸ್ವರದ ಮೂಲ ರಾಗ, ಅಂದರೆ ಮೇಳಕರ್ತ, 72 ಅಂತೀರ. ಯಾಕೆ 72? 70 ಯಾಕಿಲ್ಲ?" ಅಂತ ಕೇಳಿದ. ನಾನು ಅಡುಗೆ ಮನೆಗೆ ಹೋಗಿ ಒಂದು ಹಿಡಿ ಹುಣಸೆ ಬೀಜ ತಂದೆ. ಹನ್ನೆರಡು ಟೈಲ್ಸ್ ಹನ್ನೆರಡು ಸ್ವರಸ್ಥಾನ ಅಂದುಕೋ ಎಂದೆ. ಮೊದಲನೇದು ಸ, ಎಂಟನೇದು ಪ. ಅವೆರಡೂ ಅಲ್ಲಾಡೋದಿಲ್ಲ, ಅಲ್ಲಿ ಬೀಜ ಇಟ್ಟುಬಿಡು. ಸ ಮುಂದಿನ ನಾಲ್ಕು ಟೈಲ್ಸ್ ರಿ ಮತ್ತು ಗ ಇಬ್ಬರಿಗೂ ಸೇರಿದ್ದು. ಎರಡು ಬೀಜ ಇಡಬೇಕು, ಯಾವಾಗಲೂ ರಿ ಹಿಂದೆ, ಗ ಮುಂದೆ. ಎಷ್ಟು ಥರ ಇಡಬಹುದು ಇಟ್ಟು ನೋಡು ಎಂದೆ.

ಅವನು ನೆಲದ ಮೇಲೆ ಕೂತು ಇಡುತ್ತಾ ಹೋದ. ಆರು ಬಂತು. ಏಳನೇದಕ್ಕೆ ಹುಡುಕಾಡಿದ, ಸಿಗಲಿಲ್ಲ. ಪ ಮುಂದೆಯೂ ನಾಲ್ಕು ಟೈಲ್ಸ್, ದ ಮತ್ತು ನಿ. ಅಲ್ಲೂ ಆರು. ಕೆಳಗಿನ ಒಂದೊಂದಕ್ಕೂ ಮೇಲಿನ ಆರಾರು ಜೋಡಿ, ಒಟ್ಟು 36. ಉಳಿದದ್ದು ಪ ಹಿಂದಿನ ಎರಡು ಟೈಲ್ಸ್, ಎರಡು ಮಧ್ಯಮ. ಶುದ್ಧ ಮಧ್ಯಮಕ್ಕೆ 36, ಪ್ರತಿ ಮಧ್ಯಮಕ್ಕೆ 36. "72 ಬಿಟ್ಟು ಬೇರೆ ಬರೋಕೆ ಸಾಧ್ಯನೇ ಇಲ್ಲ ಮಿಸ್!" ಎಂದ. ಹದಿನೇಳನೇ ಶತಮಾನದಲ್ಲಿ ವೆಂಕಟಮಖಿ ಹಾಕಿದ ಲೆಕ್ಕ ಅದು. ನಮ್ಮ ಹುಡುಗ ಅದನ್ನು ಹುಣಸೆ ಬೀಜದಲ್ಲಿ ಮತ್ತೆ ಹಾಕಿದ. ಒಂದೇ ಟೈಲ್ಸಿಗೆ ರಿ ಬಂದರೆ ಒಂದು ಹೆಸರು, ಗ ಬಂದರೆ ಇನ್ನೊಂದು ಹೆಸರು ಯಾಕೆ, ಹನ್ನೆರಡು ಜಾಗಕ್ಕೆ ಹದಿನಾರು ಹೆಸರು ಯಾಕೆ ಅನ್ನೋದನ್ನು ನಾನು ಹೇಳಲೇ ಇಲ್ಲ. ಬೀಜ ಎತ್ತಿಡುವಾಗ ಅವನೇ ಹೇಳಿದ.

ಮುಂದಿನ ವಾರ ಕಟಪಯಾದಿ ಹೇಳಿಕೊಟ್ಟೆ, ರಾಗದ ಹೆಸರಿನ ಮೊದಲ ಎರಡು ಅಕ್ಷರದಿಂದ ಮೇಳದ ಸಂಖ್ಯೆ ತೆಗೆಯುವ ಸೂತ್ರ. ಕಾದಿ ನವ, ಟಾದಿ ನವ, ಪಾದಿ ಪಂಚ, ಯಾದ್ಯಷ್ಟ. ನಮ್ಮ ವರ್ಣಮಾಲೆ ಬಂದರೆ ಸಾಕು. ಮಾಯಾಮಾಳವಗೌಳದ ಮೊದಲ ಎರಡು ಅಕ್ಷರ ಮಾ, ಯಾ. ಪ ಫ ಬ ಭ ಮ, ಅಂದರೆ ಮ ಐದನೇದು. ಯ ರ ಲ ವ, ಯ ಒಂದನೇದು. ಐದು, ಒಂದು. ತಿರುಗಿಸಿದರೆ 15. ಹದಿನೈದನೇ ಮೇಳ. ಹರಿಕಾಂಭೋಜಿಯಲ್ಲಿ ಹ ಎಂಟು, ರಿ ಎರಡು, ತಿರುಗಿಸಿದರೆ 28. ಅವನು ಮನೆಗೆ ಹೋಗಿ ತನ್ನ ತಂಗಿಯ ಹೆಸರು, ಬೀದಿಯ ಹೆಸರು ಎಲ್ಲಕ್ಕೂ ಮೇಳದ ಸಂಖ್ಯೆ ತೆಗೆದುಕೊಂಡು ಬಂದಿದ್ದ. ಹನ್ನೆರಡು ಮೆಟ್ಟಿಲು ಮನಸ್ಸಿನಲ್ಲಿ ಕೂತವರಿಗೆ ಆಮೇಲೆ ಯಾವ ರಾಗ ಕೊಟ್ಟರೂ ಬೆರಳು ಎಲ್ಲಿ ಅರ್ಧ, ಎಲ್ಲಿ ಪೂರ್ತಿ ಅಂತ ತಾವೇ ಹುಡುಕಿಕೊಳ್ಳುತ್ತಾರೆ.

ಸ್ಯಾಕ್ಸೋಫೋನ್ ಕಲಿಯುವವರಿಗೆ ಒಂದು ಗೊಂದಲ ಖಂಡಿತ ಬರುತ್ತದೆ. ಶಾಲೆಯ ಬ್ಯಾಂಡಿನಲ್ಲಿ ಪಾಶ್ಚಾತ್ಯ ಲಿಪಿ ಓದಿ ನುಡಿಸುವ ಹುಡುಗಿ ಮನೆಗೆ ಬಂದು ತಂಬೂರಿ ಆ್ಯಪ್ ಹಾಕಿಕೊಳ್ಳುತ್ತಾಳೆ. ಸಿ ಅಂತ ಬರೆದ ಸ್ವರ ಊದುತ್ತಾಳೆ. ತಂಬೂರಿಯನ್ನು ಒಂದು ಮನೆಗೆ, ಅಂದರೆ ಸಿಗೆ ಇಟ್ಟಿದ್ದಾಳೆ. ಕೂಡೋದೇ ಇಲ್ಲ! ವಾದ್ಯ ಕೆಟ್ಟಿದೆ ಅಂತ ಅಳುತ್ತಾ ಬಂದಿದ್ದಳು. ಕೆಟ್ಟಿಲ್ಲ. ಆಲ್ಟೊ ಸ್ಯಾಕ್ಸೋಫೋನಿನಲ್ಲಿ ಸಿ ಅಂತ ಬರೆದದ್ದನ್ನು ಊದಿದರೆ ಕಿವಿಗೆ ಬೀಳೋದು ಇ ಫ್ಲ್ಯಾಟ್. ನಮ್ಮ ಲೆಕ್ಕದಲ್ಲಿ ಎರಡೂವರೆ ಮನೆ. ತಂಬೂರಿಯನ್ನು ಎರಡೂವರೆ ಮನೆಗೆ ತಂದೆ. ಕೂಡಿತು. ಅವತ್ತಿನ ಪಾಠ ಪೂರ್ತಿ ಅದೇ. ಬರೆದ ಹೆಸರು ಬೇರೆ, ಕೇಳುವ ಸ್ವರ ಬೇರೆ ಆಗಬಹುದು, ಷಡ್ಜ ನಾವು ಇಟ್ಟ ಕಡೆ ಇರುತ್ತದೆ. ಎರಡು ಸಂಗೀತವನ್ನೂ ಒಟ್ಟಿಗೆ ಕಲಿಯುವ ಮಕ್ಕಳಿಗೆ ಇದನ್ನು ಯಾರಾದರೂ ಪಕ್ಕದಲ್ಲಿ ಕೂತು ಹೇಳಲೇಬೇಕು. ಮೈಸೂರಿಗೆ ಈ ಎರಡರ ಸಹವಾಸ ಹೊಸದೇನಲ್ಲ. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸಿದವರು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಕೂಡ ಆಗಿದ್ದರು.

ಇನ್ನು ಕೊಳಲು ಕೊಳ್ಳುವ ವಿಷಯ. ನನಗೆ ಹತ್ತು ವರ್ಷ ಇದ್ದಾಗ ನಮ್ಮಪ್ಪ ಜಾತ್ರೆಯಿಂದ ಒಂದು ಕೊಳಲು ತಂದುಕೊಟ್ಟರು. ಬಣ್ಣದ ದಾರ ಸುತ್ತಿದ್ದರು, ನೋಡಲು ಚಂದ. ಎರಡು ವರ್ಷ ಅದನ್ನೇ ಊದಿದೆ. ಮೇಲಿನ ಷಡ್ಜಕ್ಕೆ ಹೋದಾಗೆಲ್ಲ ಅಪಸ್ವರ. ನನ್ನ ಉಸಿರೇ ಸರಿಯಿಲ್ಲ ಅಂತ ರಾತ್ರಿ ಅತ್ತಿದ್ದೇನೆ. ಆಮೇಲೆ ದೊಡ್ಡವರೊಬ್ಬರು ಅದೇ ಕೊಳಲನ್ನು ಊದಿ ನೋಡಿ, ಮಗು, ತೂತು ಕೊರೆದಿರೋ ಜಾಗವೇ ತಪ್ಪು ಎಂದರು. ಎರಡು ವರ್ಷದ ಭಾರ ಇಳಿಯಿತು. ಈಗ ಯಾವ ಮಗು ಕೊಳಲು ತಂದರೂ ಮೊದಲು ನಾನೇ ತಂಬೂರಿ ಜೊತೆ ಊದಿ ನೋಡುತ್ತೇನೆ. ಷಡ್ಜ, ಪಂಚಮ, ಮೇಲಿನ ಷಡ್ಜ, ಮೂರೂ ಕೂಡಬೇಕು. ಕೂಡದಿದ್ದರೆ ಆ ಕೊಳಲು ಗೋಡೆಗೆ. ಮಗುವಿಗೆ ಅದೇ ಹೊತ್ತಿನಲ್ಲಿ ಹೇಳುತ್ತೇನೆ, ತಪ್ಪು ನಿನ್ನದಲ್ಲ ಪುಟ್ಟಾ ಅಂತ.

ಒಳ್ಳೆಯ ಕೊಳಲೂ ಬೆಳಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ. ಬಿಸಿ ಗಾಳಿಯಲ್ಲಿ ಶಬ್ದ ಬೇಗ ಓಡುತ್ತದೆ, ಅದಕ್ಕೆ ಶ್ರುತಿ ಏರುತ್ತದೆ. ಡಿಸೆಂಬರಿನ ಬೆಳಗ್ಗೆ 18 ಡಿಗ್ರಿ ಚಳಿಯಲ್ಲಿರುವ ಕೊಳಲಿಗೂ 30 ಡಿಗ್ರಿ ಮಧ್ಯಾಹ್ನದ ಕೊಳಲಿಗೂ ಪಕ್ಕಪಕ್ಕದ ಎರಡು ಸ್ವರಸ್ಥಾನದ ಅಂತರದಲ್ಲಿ ಸುಮಾರು ಮೂರನೇ ಒಂದು ಪಾಲು ವ್ಯತ್ಯಾಸ ಬೀಳುತ್ತದೆ. ಅದಕ್ಕೇ ಊದುವ ಮುಂಚೆ ಕೊಳಲನ್ನು ಕೈಯಲ್ಲಿ ಹಿಡಿದು, ಒಳಗೆ ಮೆಲ್ಲಗೆ ಉಸಿರು ಬಿಟ್ಟು ಬೆಚ್ಚಗೆ ಮಾಡಿಕೊಳ್ಳೋದು. ಬಿಸಿಲಲ್ಲಿ, ಕಾರಿನೊಳಗೆ ಮಾತ್ರ ಇಡಬೇಡಿ. ಬಿದಿರು ಸೀಳುತ್ತದೆ.

ಅಭ್ಯಾಸ ದಿನಾ 20 ನಿಮಿಷ ಸಾಕು. ಭಾನುವಾರ ಎರಡು ಗಂಟೆ ಕೂರೋದಕ್ಕಿಂತ ಇದು ಮೇಲು. ತುಟಿಯ ಸುತ್ತಲಿನ ಮಾಂಸಖಂಡಗಳಿಗೆ ದಿನದಿನದ ಕೆಲಸ ಬೇಕು. ಅದರಲ್ಲಿ ಮೊದಲ ಐದು ನಿಮಿಷ ಒಂದೇ ಸ್ವರ, ಉದ್ದಕ್ಕೆ. ಮನೆಯವರಿಗೆ ಇದು ಬೇಜಾರು ಅನ್ನಿಸುತ್ತದೆ. ಹಾಡು ಊದು, ಹಾಡು ಊದು ಅಂತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಆ ಒಂದೇ ಸ್ವರ ಅಲ್ಲಾಡದೆ ನಿಂತಾಗ ಮಾತ್ರ ಮುಂದಿನದು ನಿಲ್ಲುತ್ತದೆ.

ಈಗ ಹೊರದೇಶದಲ್ಲಿರುವ ನಮ್ಮ ಜನರ ಮಕ್ಕಳೂ ವಿಡಿಯೋ ಕರೆಯಲ್ಲಿ ಕಲಿಯುತ್ತಾರೆ. ನನ್ನ ಹತ್ತಿರ ನಾಲ್ವರಿದ್ದಾರೆ. ಶುರುವಿನಲ್ಲಿ ನನಗೆ ತಲೆ ಕೆಟ್ಟುಹೋಗಿತ್ತು. ಮಗು ಉದ್ದ ಸ್ವರ ಹಿಡಿಯುತ್ತಿತ್ತು. ಎರಡು ಸೆಕೆಂಡಿಗೆ ಸದ್ದು ಕರಗಿ ಮಾಯ! ಉಸಿರು ಸಾಲದು ಅಂತ ಅಂದುಕೊಂಡು ಆ ಮಗುವಿಗೆ ಇನ್ನೂ ಊದು, ಇನ್ನೂ ಊದು ಎನ್ನುತ್ತಿದ್ದೆ. ಆಮೇಲೆ ತಿಳಿಯಿತು. ಒಂದೇ ಸಮ ಬರುವ ಸದ್ದನ್ನು ಫ್ಯಾನಿನ ಸದ್ದು ಅಂತ ತಿಳಿದು ಅಳಿಸುವ ವ್ಯವಸ್ಥೆ ಆ ಕರೆಯಲ್ಲೇ ಇರುತ್ತದೆ. ಕೊಳಲಿನ ದೀರ್ಘ ಸ್ವರ ಅದಕ್ಕೆ ಫ್ಯಾನಿನ ಹಾಗೇ ಕೇಳಿಸುತ್ತದೆ. ಸೆಟ್ಟಿಂಗಿನಲ್ಲಿ ಅದನ್ನು ಆಫ್ ಮಾಡಿದ ಮೇಲೆ ಆ ಮಗುವಿನ ಸ್ವರ 11 ಸೆಕೆಂಡ್ ನಿಂತದ್ದು ಕೇಳಿದೆ. ಅದಕ್ಕೆ ಕ್ಷಮೆ ಕೇಳಿದೆ. ಸದ್ದು ತಡವಾಗಿ ಮುಟ್ಟುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲು ಆಗೋದಿಲ್ಲ. ತಾಳ ಕೂಡೋದಿಲ್ಲ. ನಾನು ಊದಿದ್ದನ್ನು ರೆಕಾರ್ಡ್ ಮಾಡಿ ಕಳಿಸುತ್ತೇನೆ, ಅವರು ಅದರ ಜೊತೆ ಊದಿ ನನಗೆ ಕಳಿಸುತ್ತಾರೆ. ಎದುರು ಕೂತು ಕಲಿತ ಹಾಗೆ ಆಗೋದಿಲ್ಲ, ನಿಜ. ತುಟಿ ಎಷ್ಟು ಬಿಗಿ ಹಿಡಿದಿದ್ದಾರೆ ಅಂತ ತೆರೆಯ ಮೇಲೆ ಕಾಣೋದಿಲ್ಲ. ಆದರೂ ರಜೆಗೆ ಊರಿಗೆ ಬಂದಾಗ ಎದುರು ಕೂರಿಸಿಕೊಂಡು ತಿದ್ದಬಹುದು, ಅದಕ್ಕೆ ಬಿಟ್ಟಿಲ್ಲ.

ಪರೀಕ್ಷೆ ಬೇಕೋ ಬೇಡವೋ ಅಂತ ತಾಯ್ತಂದೆಯರು ಕೇಳುತ್ತಾರೆ. ಜೂನಿಯರ್, ಸೀನಿಯರ್, ವಿದ್ವತ್ ದಾರಿ ಇದೆ. ಪಾಶ್ಚಾತ್ಯ ಸಂಗೀತದವರಿಗೆ ಟ್ರಿನಿಟಿಯ ಗ್ರೇಡುಗಳಿವೆ. ಮಗುವಿಗೆ ಆಸೆ ಇದ್ದರೆ ಕೂರಿಸಿ. ಇಲ್ಲದಿದ್ದರೆ ಸುಮ್ನೆ ಒತ್ತಾಯ ಮಾಡಬೇಡಿ. ಅಷ್ಟೇ ನನ್ನ ಮಾತು.

ಮಾತು ಮುಗಿದ ಮೇಲೆ ಪ್ರಶ್ನೆಗಳಿದ್ದವು. ಹೆಚ್ಚಿನವು ಶುಲ್ಕ, ಹೊತ್ತು, ಎಲ್ಲಿ ಕೊಳಲು ಸಿಗುತ್ತದೆ ಅನ್ನುವಂಥವು. ಎಲ್ಲರೂ ಹೊರಟ ಮೇಲೆ ಒಬ್ಬ ಅಜ್ಜಿ ಮಾತ್ರ ಕುರ್ಚಿಯಲ್ಲೇ ಕೂತಿದ್ದರು. ಹತ್ತಿರ ಹೋದೆ. "ನಾನು ಹುಡುಗಿಯಾಗಿದ್ದಾಗ ಕೊಳಲು ಕಲೀಬೇಕು ಅಂದಿದ್ದೆ ಕಣಮ್ಮ. ಹೆಣ್ಣುಮಕ್ಕಳು ಬಾಯಿಗಿಟ್ಟು ಊದಬಾರದು ಅಂದ್ಬಿಟ್ರು ಮನೇಲಿ. ಈಗ 71. ಆಗುತ್ತಾ?" ಎಂದರು.

ಮೇಜಿನ ಮೇಲಿದ್ದ ಬಾಟಲಿ ಕೊಟ್ಟೆ. ಕೆಳ ತುಟಿಯನ್ನು ಅಂಚಿಗೆ ತಾಗಿಸಿ, ಅನ್ನ ಆರಿಸುವ ಹಾಗೆ ಮೆಲ್ಲಗೆ ಊದಿ ಅಮ್ಮ ಎಂದೆ. ಮೊದಲ ಸಲ ಬರೀ ಗಾಳಿ. ಎರಡನೇ ಸಲವೂ ಅಷ್ಟೇ. ಬಾಟಲಿಯನ್ನು ಸ್ವಲ್ಪ ನನ್ನ ಕಡೆ ಹೊರಳಿಸಿದೆ. ಮೂರನೇ ಸಲ ಸಣ್ಣಗೆ, ದಪ್ಪ ದನಿಯಲ್ಲಿ ಒಂದು ಸದ್ದು ಹೊರಟು ಖಾಲಿ ಕೋಣೆ ತುಂಬ ಹರಡಿತು. ಅವರು ಬಾಟಲಿಯನ್ನು ಇಳಿಸದೆ ಇನ್ನೊಂದು ಸಲ ಊದಿದರು.

ಬುಧವಾರ ಐದು ಗಂಟೆಯ ಹೊತ್ತು ಖಾಲಿ ಇತ್ತು. ಅವರ ಹೆಸರು ಬರೆದುಕೊಂಡೆ. ಕೊಳಲು ಈಗಲೇ ಕೊಳ್ಳಬೇಡಿ, ಈ ಬಾಟಲಿ ತೆಗೆದುಕೊಂಡು ಹೋಗಿ ಎಂದೆ.